ಮುರಿದ ಸ್ಪ್ಯಾನರ್ ಯಾರ ಲೆಕ್ಕಕ್ಕೆ?

ಅಡುಗೆಮನೆಯ ಸಿಂಕಿನ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಇಷ್ಟಕ್ಕೆಲ್ಲ ಪ್ಲಂಬರ್ ಯಾಕೆ ಎಂದುಕೊಂಡು ನಾನೇ ಕೂತೆ. ರಸ್ತೆ ಬದಿಯಲ್ಲಿ ಗೋಣಿತಾಟಿನ ಮೇಲೆ ಹರಡಿಕೊಂಡು ಮಾರುತ್ತಿದ್ದವನಿಂದ 150 ರೂಪಾಯಿಗೆ ತಂದ ಸ್ಕ್ರೂ ಸ್ಪ್ಯಾನರ್ ಮನೆಯಲ್ಲಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು, ಕೈಗೆ ಭಾರವಾಗಿಯೂ ಇತ್ತು. ನಟ್ಟಿಗೆ ಹಿಡಿಸಿ ಎರಡು ಸಲ ಎಳೆದೆ. ಮೂರನೆಯ ಸಲಕ್ಕೆ ಸ್ಪ್ಯಾನರಿನ ಕೆಳದವಡೆ ಅಲುಗಾಡಿ ಹಿಂದೆ ಸರಿಯಿತು. ನಟ್ಟಿನ ಆರು ಮೂಲೆಗಳಲ್ಲಿ ಮೂರು ತಿಂದುಹೋದವು. ನನ್ನ ಬೆರಳಿನ ಗೆಣ್ಣು ಗೋಡೆಗೆ ಬಡಿಯಿತು. ಮರುದಿನ ಬಂದ ಪ್ಲಂಬರ್ ನನ್ನ ಸ್ಪ್ಯಾನರನ್ನು ಮುಟ್ಟಿಯೂ ನೋಡಲಿಲ್ಲ. ತನ್ನ ಚೀಲದಿಂದ ಅವನು ತೆಗೆದದ್ದು ಬಣ್ಣ ಹೋದ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ ಒಂದು ಪೈಪ್ ರೆಂಚ್. "ಇದಕ್ಕೆ ಹದಿನಾಲ್ಕು ವರ್ಷ ಸರ್" ಎಂದ. ನಟ್ಟು ಕೆಟ್ಟದ್ದರಿಂದ ಇಡೀ ಕಪ್ಲಿಂಗನ್ನೇ ಬದಲಿಸಬೇಕಾಯಿತು. ಕೂಲಿ, ಸಾಮಾನು ಎಲ್ಲ ಸೇರಿ 700 ರೂಪಾಯಿ ದಾಟಿತು. ಅಷ್ಟು ಹಣಕ್ಕೆ ಒಳ್ಳೆಯ ಸ್ಪ್ಯಾನರೇ ಬರುತ್ತಿತ್ತು.

ಅಗ್ಗದ ಮಾಲು ಬಾಳಿಕೆ ಬರುವುದಿಲ್ಲ ಎಂಬುದು ಹೊಸ ಮಾತೇನೂ ಅಲ್ಲ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನನ್ನದೂ ಲೋಹವೇ, ಪ್ಲಂಬರನದೂ ಲೋಹವೇ. ಅಕ್ಕಪಕ್ಕ ಇಟ್ಟರೆ ನನ್ನದೇ ಚೆಂದ. ಹಾಗಿದ್ದರೆ ಮೂರು ನಾಲ್ಕು ಪಟ್ಟು ಬೆಲೆಯ ವ್ಯತ್ಯಾಸ ಅಡಗಿ ಕೂತಿರುವುದು ಎಲ್ಲಿ? ಅಡಗಿರುವುದನ್ನು ಕಾಣಲಾರದ ಗಿರಾಕಿ ಏನನ್ನು ನಂಬಿ ಕೊಳ್ಳಬೇಕು? ಮುರಿದಾಗ ಆಗುವ ನಷ್ಟವನ್ನು ಮಾಡಿದವನು, ಮಾರಿದವನು, ಕೊಂಡವನು ಈ ಮೂವರಲ್ಲಿ ಯಾರು ಹೊರುತ್ತಿದ್ದಾರೆ? ಕೈ ಉಪಕರಣಗಳ ಗುಣಮಟ್ಟದ ಚರ್ಚೆಯೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಈ ಕಡೆಯ ಪ್ರಶ್ನೆಯ ಬಳಿಯೇ ಎಂದು ನನಗೆ ಅನಿಸುತ್ತದೆ.

ಹದ ಎಂಬ ಕಾಣದ ಖರ್ಚು

ಕಬ್ಬಿಣದೊಳಗೆ ಇಂಗಾಲ ಎಷ್ಟಿದೆ ಎಂಬಲ್ಲಿಂದ ಲೆಕ್ಕ ಶುರುವಾಗುತ್ತದೆ. ಕಿಟಕಿಯ ಸರಳು, ಗೇಟಿನ ಪಟ್ಟಿ, ಶೆಡ್ಡಿನ ಆಂಗಲ್‌ಗೆ ಬಳಸುವ ಮೆತ್ತನೆಯ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 0.25ರ ಒಳಗೆ. ಸುತ್ತಿಗೆ, ಸ್ಪ್ಯಾನರ್‌ಗಳಿಗೆ ಶೇ 0.4ರಿಂದ 0.6ರ ಆಸುಪಾಸು ಬೇಕು. ಲೋಹ ಉಜ್ಜುವ ಅರಕ್ಕೆ ಶೇ 1ರ ಸುತ್ತಮುತ್ತ ಅಥವಾ ಅದಕ್ಕೂ ಮೇಲೆ. ನೂರರಲ್ಲಿ ಒಂದು ಪಾಲೂ ಇಲ್ಲದ ಈ ವ್ಯತ್ಯಾಸವನ್ನು ಕಣ್ಣು ಹಿಡಿಯಲಾರದು, ತಕ್ಕಡಿಯೂ ಹಿಡಿಯಲಾರದು. ಬೆಂಕಿ ಹಿಡಿಯುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಸಾಕಷ್ಟು ಇಂಗಾಲವಿರುವ ಉಕ್ಕು ಗಡುಸಾಗುತ್ತದೆ. ಇಲ್ಲದ್ದು ಹೆಚ್ಚುಕಡಿಮೆ ಹೋದ ಹಾಗೆಯೇ ಹೊರಗೆ ಬರುತ್ತದೆ.

ಕಟ್ಟಡದ ಕೆಲಸದಲ್ಲಿ ಉಳಿದ ಟಿಎಂಟಿ ಕಂಬಿಯ ತುಂಡನ್ನು ಕಾಯಿಸಿ, ತುದಿ ಬಡಿದು ಉಳಿ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಎರಡು ಗೋಡೆ ಒಡೆಯುವಷ್ಟರಲ್ಲಿ ಅದರ ಮೂತಿ ಮಡಚಿಕೊಳ್ಳುತ್ತದೆ. ಆ ಕಂಬಿಯ ಬಲವೆಲ್ಲ ಕಾರ್ಖಾನೆಯಲ್ಲಿ ಅದರ ಹೊರಮೈಯನ್ನು ನೀರಿನಲ್ಲಿ ತಣಿಸಿದ್ದರಿಂದ ಬಂದದ್ದು. ಮತ್ತೆ ಕೆಂಡಕ್ಕೆ ಹಾಕಿದರೆ ಆ ಬಲ ಹೋಗುತ್ತದೆ, ಒಳಗೆ ಇಂಗಾಲ ಕಡಿಮೆ ಇರುವುದರಿಂದ ಹೊಸ ಹದವೂ, ಅಂದರೆ ಕಾಯಿಸಿ ತಣಿಸಿ ಬರಿಸುವ ಗಡಸುತನವೂ, ಕೂರುವುದಿಲ್ಲ. ಅದೇ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ನೋಡಿ. ಅದರಲ್ಲಿ ಇಂಗಾಲ ಶೇ 0.5ರಿಂದ 0.6ರಷ್ಟಿರುತ್ತದೆ. ಮಲೆನಾಡಿನ ಕಮ್ಮಾರರು ಗುಜರಿಯಲ್ಲಿ ಹುಡುಕಿ ಹುಡುಕಿ ಅದನ್ನೇ ತಂದು ಕತ್ತಿ ಮಾಡುವುದು ಸುಮ್ಮನೆ ಅಲ್ಲ. ಇಂಗಾಲದ ಶೇಕಡಾವಾರು ಅವರಿಗೆ ಗೊತ್ತಿಲ್ಲದಿರಬಹುದು, ಅರ ಉಜ್ಜಿದಾಗ ಕೈಗೆ ಬರುವ ತಡೆ ಗೊತ್ತಿದೆ.

ಆಮೇಲಿನದು ಆಕಾರ ಕೊಡುವ ಬಗೆ. ಕಾದ ಉಕ್ಕಿನ ತುಂಡನ್ನು ಅಚ್ಚುಗಳ ನಡುವೆ ಇಟ್ಟು ಭಾರೀ ಸುತ್ತಿಗೆಯಿಂದ ಅಪ್ಪಳಿಸುವುದು ಡ್ರಾಪ್ ಫೋರ್ಜಿಂಗ್. ಹಾಗೆ ಮಾಡಿದಾಗ ಲೋಹದ ಎಳೆಗಳು ಉಪಕರಣದ ತಿರುವನ್ನೇ ಹಿಡಿದು ಬಾಗುತ್ತವೆ, ಮರದ ಕವಲಿನಲ್ಲಿ ನಾರು ಬಾಗುವಂತೆ. ಕರಗಿಸಿ ಎರಕ ಹೊಯ್ದರೆ ಖರ್ಚು ಕಡಿಮೆ, ಒಳಗೆ ಗುಳ್ಳೆ ಉಳಿಯುವ ಭಯ ಹೆಚ್ಚು. ದಪ್ಪ ತಗಡಿನಿಂದ ಆಕಾರ ಕತ್ತರಿಸಿ ತೆಗೆಯುವುದು ಇನ್ನೂ ಅಗ್ಗ. ಹೊಸ ಸೈಕಲ್ ಜೊತೆಗೆ ಚೀಲದಲ್ಲಿ ಬರುತ್ತಿದ್ದ ಚಪ್ಪಟೆ ಪಾನಾಗಳು ನೆನಪಿವೆಯಲ್ಲ, ಅವು ಇದೇ ಜಾತಿಯವು.

ನಿಜವಾದ ಖರ್ಚು ಇರುವುದು ಹದದಲ್ಲಿ. ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್ ದಾಟಿಸಿ ಎಣ್ಣೆಗೋ ನೀರಿಗೋ ಅದ್ದಿದರೆ ಗಡುಸಾಗುತ್ತದೆ ನಿಜ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಕೆಳಗೆ ಬಿದ್ದರೆ ಸೀಳಬಹುದು. ಅದಕ್ಕೇ ಮತ್ತೊಮ್ಮೆ ಮೆಲ್ಲಗೆ ಕಾಯಿಸಿ ಆ ಪೆಡಸನ್ನು ಇಳಿಸಬೇಕು. ಕುಲುಮೆಯಲ್ಲಿ ಈ ಕೆಲಸ ನೋಡಲು ಚೆಂದ. ಕಮ್ಮಾರ ಉಳಿಯ ತುದಿಯನ್ನಷ್ಟೇ ನೀರಿಗೆ ಅದ್ದಿ ತೆಗೆದು, ಕಲ್ಲಿನಿಂದ ತುಸು ಉಜ್ಜಿ ಹೊಳಪು ಬರಿಸಿ ಕಾಯುತ್ತಾನೆ. ಹಿಂದಿನ ಬಿಸಿ ಮುಂದಕ್ಕೆ ಹರಿದು ಬರುವಾಗ ಬಣ್ಣಗಳು ಮೂಡುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಯ ಹೊತ್ತಿಗೆ ಸುಮಾರು 220 ಡಿಗ್ರಿ, ನೀಲಿಯ ಹೊತ್ತಿಗೆ 300ರ ಹತ್ತಿರ. ಬೇಕಾದ ಬಣ್ಣ ಬಾಯಿಗೆ ಬಂದ ಕ್ಷಣ ಮತ್ತೆ ನೀರಿಗೆ. ಒಂದು ಉಸಿರು ತಡವಾದರೆ ಮೆತ್ತಗಾಗುತ್ತದೆ, ಬೇಗ ಆದರೆ ಚಕ್ಕೆ ಏಳುತ್ತದೆ.

ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ ಉಷ್ಣಾಂಶ ಬಿಗಿಯಾಗಿ ಕಾಯುವ ಕುಲುಮೆ, ಒಳ್ಳೆಯ ಎಣ್ಣೆ, ವಿದ್ಯುತ್ತು, ಎಲ್ಲಕ್ಕಿಂತ ಹೆಚ್ಚಾಗಿ ಸಮಯ ಬೇಕು. ಫಲಿತಾಂಶವನ್ನು ರಾಕ್‌ವೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ವಜ್ರದ ಮೊನೆಯನ್ನು ಗೊತ್ತಾದ ಭಾರದಲ್ಲಿ ಒತ್ತಿ ಎಷ್ಟು ಆಳ ಇಳಿಯಿತು ಎಂದು ನೋಡುವ ವಿಧಾನ ಅದು. ಸಾಮಾನ್ಯವಾಗಿ ಸ್ಪ್ಯಾನರಿಗೆ 40ರಿಂದ 50ರ ನಡುವೆ, ಕಟಿಂಗ್ ಪ್ಲೇಯರಿನ ಕತ್ತರಿಸುವ ಅಂಚಿಗೆ 55ರ ಮೇಲೆ, ಅರಕ್ಕೆ 60ರ ಮೇಲೆ ಬರಬೇಕು. ಒಂದೇ ಪ್ಲೇಯರಿನಲ್ಲಿ ಅಂಚು ಗಡುಸು, ಹಿಡಿ ಜಿಗುಟು, ನಡುವಿನ ಕೀಲು ಇವೆರಡರ ಮಧ್ಯೆ ಎಂದರೆ ಎಷ್ಟು ಎಚ್ಚರ ಬೇಕು ಯೋಚಿಸಿ.

ಉಳಿತಾಯ ಮಾಡಬೇಕೆಂದರೆ ತಯಾರಕ ಎಲ್ಲಿಗೆ ಕೈ ಹಾಕುತ್ತಾನೆ? ಹೊಳಪಿಗೆ ಕೈ ಹಾಕುವುದಿಲ್ಲ, ಅದು ಗಿರಾಕಿಗೆ ಕಾಣುತ್ತದೆ. ತೂಕಕ್ಕೂ ಇಲ್ಲ, ಭಾರವಿದ್ದರೆ ಗಟ್ಟಿ ಎಂಬ ನಂಬಿಕೆ ನಮ್ಮದು. ಕತ್ತರಿ ಬೀಳುವುದು ಹದಕ್ಕೆ. ಒಂದೇ ಸಲಕ್ಕೆ ಕುಲುಮೆಯ ಬಾಯಿಯ ತನಕ ತುಂಬಿದರೆ ನಡುವಿನದಕ್ಕೆ ಶಾಖ ಸಾಲದು, ಅಂಚಿನದಕ್ಕೆ ಅತಿಯಾಗುತ್ತದೆ. ಹಾಗಾಗಿ ಹತ್ತು ಸ್ಪ್ಯಾನರಿನ ಅಗ್ಗದ ಸೆಟ್ಟಿನಲ್ಲಿ ಏಳು ಚೆನ್ನಾಗಿಯೇ ಇದ್ದು, ಎರಡು ಮೆತ್ತಗಾಗಿ, ಒಂದು ಪೆಡಸಾಗಿ ಇರುವುದು ಸಾಧ್ಯ. 'ನಾನು ಜಾತ್ರೆಯಲ್ಲಿ ತಂದದ್ದು ಹತ್ತು ವರ್ಷ ಬಂತು' ಎನ್ನುವವನೂ 'ಹತ್ತು ದಿನ ಬರಲಿಲ್ಲ' ಎನ್ನುವವನೂ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಹೆಸರುವಾಸಿ ಉಪಕರಣಕ್ಕೆ ನಾವು ಹೆಚ್ಚಿಗೆ ತೆರುವ ಹಣದ ಒಂದು ದೊಡ್ಡ ಪಾಲು ಕೆಟ್ಟದ್ದನ್ನು ಹುಡುಕಿ ಪಕ್ಕಕ್ಕೆ ಎಸೆಯುವ ಕೆಲಸಕ್ಕೆ ಹೋಗುತ್ತದೆ. ಅಗ್ಗದ ಮಾಲಿನ ತಪಾಸಣಾ ವಿಭಾಗ ಇರುವುದು ನಮ್ಮ ಮನೆಯ ಸಿಂಕಿನ ಕೆಳಗೆ.

ಅಳತೆಯ ವಿಚಾರವನ್ನೂ ಸೇರಿಸಿಬಿಡುತ್ತೇನೆ. 8 ಮಿಲಿಮೀಟರ್ ಬೋಲ್ಟಿನ ನಟ್ಟಿಗೆ 13ರ ಸ್ಪ್ಯಾನರ್. ಅದರ ಬಾಯಿ ಸರಿಯಾಗಿ 13 ಇದ್ದರೆ ನಟ್ಟು ಸಲೀಸಾಗಿ ಒಳಗೆ ಹೋಗುವುದಿಲ್ಲ. ತುಸು ಸಡಿಲ ಬೇಕು, ಆದರೆ ಕಾಲು ಮಿಲಿಮೀಟರ್ ದಾಟಬಾರದು. ಬಾಯಿ ಅಗಲವಾದಷ್ಟೂ ಸ್ಪ್ಯಾನರ್ ನಟ್ಟಿನ ಮೈಯನ್ನು ಬಿಟ್ಟು ಮೂಲೆಯನ್ನು ಮಾತ್ರ ಹಿಡಿಯುತ್ತದೆ. ಉಕ್ಕು ಎಷ್ಟೇ ಒಳ್ಳೆಯದಿದ್ದರೂ ಆಗ ನಟ್ಟು ಉಳಿಯುವುದಿಲ್ಲ.

ನೀರಿನೊಳಗಿನ ಎಮ್ಮೆ

ನೀರೊಳಗಿರುವ ಎಮ್ಮೆಗೆ ವ್ಯಾಪಾರ ಕುದುರಿಸಿದಂತೆ ಎಂಬ ಮಾತು ನಮ್ಮಲ್ಲಿದೆ. ಉಪಕರಣದ ವ್ಯಾಪಾರ ಅಕ್ಷರಶಃ ಹಾಗೆಯೇ. ಕಾಣುವುದು ಕೊಂಬು ಮಾತ್ರ.

ಅಂಗಡಿಯಲ್ಲಿ ಯಾವ ಸ್ಪ್ಯಾನರ್ ತೆಗೆದರೂ 'ಕ್ರೋಮ್ ವನೇಡಿಯಂ' ಎಂದು ಕೊರೆದಿರುತ್ತದೆ. ಅದೊಂದು ಒಳ್ಳೆಯ ಮಿಶ್ರ ಉಕ್ಕು, ಸುಳ್ಳಲ್ಲ. ಸುಮಾರು ಶೇ 1ರಷ್ಟು ಕ್ರೋಮಿಯಂ, ಶೇ 0.2ರ ಒಳಗೆ ವನೇಡಿಯಂ ಇರುತ್ತದೆ. ಕ್ರೋಮಿಯಂನಿಂದ ಹದ ಒಳಗಿನ ತನಕ ಇಳಿಯುತ್ತದೆ, ವನೇಡಿಯಂನಿಂದ ಉಕ್ಕಿನ ಕಣ ಸಣ್ಣದಾಗಿ ಉಳಿಯುತ್ತದೆ. ಆದರೆ ಆ ಅಕ್ಷರ ಕೊರೆಯಲು ವನೇಡಿಯಂ ಬೇಕಿಲ್ಲ. ನಿಜವಾಗಿಯೂ ಇದೆಯೇ ಎಂದು ತಿಳಿಯಲು ಲೋಹದ ಕಿಡಿಯ ಬೆಳಕನ್ನು ಬಿಡಿಸಿ ನೋಡುವ ಸ್ಪೆಕ್ಟ್ರೋಮೀಟರ್ ಬೇಕು. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಉಪಕರಣದ ಅಂಗಡಿಗಳ ಗಲ್ಲೆಯ ಮೇಲೆ ಅದನ್ನು ಯಾರೂ ಇಟ್ಟುಕೊಂಡಿಲ್ಲ. ಇನ್ನು, ಮೇಲಿನ ಕ್ರೋಮ್ ಲೇಪಕ್ಕೂ ಒಳಗಿನ ಕ್ರೋಮಿಯಂಗೂ ಸಂಬಂಧವೇ ಇಲ್ಲ. ಲೇಪ ತುಕ್ಕು ತಡೆಯುತ್ತದೆ, ಜೊತೆಗೆ ಒರಟು ಕೆಲಸವನ್ನು ಮುಚ್ಚುತ್ತದೆ.

ಗಿರಾಕಿಗೆ ಒಳಗಿನದು ಕಾಣದಿದ್ದಾಗ ಪೆಟ್ಟು ಬೀಳುವುದು ನಡುವಿನ ತಯಾರಕನಿಗೆ. ಸರಿಯಾಗಿ ಹದ ಹಾಕಿ 300 ರೂಪಾಯಿಗೆ ಮಾರುವವನ ಪಕ್ಕದಲ್ಲೇ ಹದವಿಲ್ಲದ್ದಕ್ಕೆ ಅವನದಕ್ಕಿಂತ ಹೆಚ್ಚು ಹೊಳಪು ಕೊಟ್ಟು 150ಕ್ಕೆ ಮಾರುವವನಿರುತ್ತಾನೆ. ಎರಡೂ ಒಂದೇ ತರಹ ಕಂಡರೆ 300 ಕೊಡುವವನು ಯಾರು? ಮೊದಲನೆಯವನು ಜಾಹೀರಾತಿಗೆ ಹಣ ಸುರಿದು ಹೆಸರು ಕಟ್ಟಬೇಕು, ಇಲ್ಲವೇ ತಾನೂ ಹದ ಬಿಡಬೇಕು. ನಮ್ಮ ಪೇಟೆಯಲ್ಲಿ ನಾಲ್ಕೈದು ದೊಡ್ಡ ಹೆಸರುಗಳು ಮೇಲೆ, ಹೆಸರೇ ಇಲ್ಲದ ರಾಶಿ ಕೆಳಗೆ, ನಡುವೆ ಬಯಲು ಎಂಬಂತಾಗಿರುವುದಕ್ಕೆ ಕಾರಣ ಇದೇ ಎಂದು ನಾನು ತಿಳಿದಿದ್ದೇನೆ.

ಕಣದಲ್ಲಿ ಅಳೆದ ಖಾತರಿ

ಈಗ ಮೂರನೆಯ ಪ್ರಶ್ನೆ: ಮುರಿದಾಗ ನಷ್ಟ ಯಾರದು? ಹಿಂದೆ ನಮ್ಮ ಹಳ್ಳಿಗಳಲ್ಲಿ ಕಮ್ಮಾರ ಆಯಗಾರರಲ್ಲಿ ಒಬ್ಬ. ನೇಗಿಲಿನ ಗುಳ ಹಣಿಸಿದರೆ ಇಷ್ಟು, ಕುಡುಗೋಲು ತಟ್ಟಿದರೆ ಇಷ್ಟು ಎಂದು ಅವನಿಗೆ ಬಿಡಿ ಕೂಲಿ ಇರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ವರ್ಷಕ್ಕೊಮ್ಮೆ ಆಯ ಅಳೆದು ಕೊಡುತ್ತಿದ್ದರು. ಆ ವರ್ಷ ಗುಳ ಎಷ್ಟು ಸಲ ಮೊಂಡಾದರೂ ಸರಿಮಾಡಿ ಕೊಡುವುದು ಅವನ ಪಾಲಿನ ಕೆಲಸ. ಇದರ ಒಳಗಿನ ಲೆಕ್ಕ ಗಮನಿಸಿ: ಹದ ಕೆಟ್ಟರೆ ಮತ್ತೆ ತಿದಿ ಒತ್ತಬೇಕಾದವನು ಅವನೇ, ಇದ್ದಿಲು ಸುಡಬೇಕಾದವನೂ ಅವನೇ. ಚೆನ್ನಾಗಿ ಮಾಡಿದರೆ ಅವನಿಗೇ ಬಿಡುವು. ಉಪಕರಣ ಕೆಡುವ ನಷ್ಟ ಮಾಡಿದವನ ಹೆಗಲ ಮೇಲಿತ್ತು.

ಆ ವ್ಯವಸ್ಥೆಯನ್ನು ಹೊಗಳುವ ಆಸೆ ನನಗಿಲ್ಲ. ಜಾತಿಗೆ ಕಟ್ಟಿದ ಕಸುಬು ಅದು. ಬರಗಾಲದಲ್ಲಿ ರಾಶಿ ಕುಗ್ಗಿದರೆ ಆಯವೂ ಕುಗ್ಗುತ್ತಿತ್ತು, ಚೌಕಾಸಿ ಮಾಡುವ ಬಲ ಕಮ್ಮಾರನಿಗೆ ಇರಲಿಲ್ಲ. ಆದರೂ ಬಾಳಿಕೆ ಎಂಬುದು ಉಕ್ಕಿನ ಗುಣವಾಗಿರುವಷ್ಟೇ ಹಣ ಕೊಡುವ ಕ್ರಮದ ಗುಣವೂ ಹೌದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅಮೆರಿಕದ ಸಿಯರ್ಸ್ ಅಂಗಡಿಗಳು ಇದೇ ಲೆಕ್ಕವನ್ನು ಬೇರೆ ಬಗೆಯಲ್ಲಿ ಹಾಕಿದವು. ಅವರ ಕ್ರಾಫ್ಟ್ಸ್‌ಮನ್ ಕೈ ಉಪಕರಣ ಮುರಿದರೆ ಅಂಗಡಿಗೆ ತಂದುಕೊಟ್ಟು ಹೊಸದು ಒಯ್ಯಬಹುದಿತ್ತು, ಜೀವನಪೂರ್ತಿ. ಮುರಿದ ಪ್ರತಿ ಸ್ಪ್ಯಾನರೂ ಕಂಪನಿಗೆ ನಷ್ಟ, ಹಾಗಾಗಿ ಮುರಿಯದಂತೆ ಮಾಡುವುದು ಕಂಪನಿಗೇ ಲಾಭ. 2017ರಲ್ಲಿ ಆ ಹೆಸರು ಸುಮಾರು 90 ಕೋಟಿ ಡಾಲರಿಗೆ ಸ್ಟಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಎಂಬ ಉಪಕರಣ ಕಂಪನಿಯ ಪಾಲಾಯಿತು. ಉಪಕರಣಗಳನ್ನು ಮತ್ತೆ ಅಮೆರಿಕದಲ್ಲೇ ಮಾಡುತ್ತೇವೆಂದು 2019ರಲ್ಲಿ ಘೋಷಿಸಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಕಟ್ಟಿದ ಸ್ವಯಂಚಾಲಿತ ಕಾರ್ಖಾನೆಯನ್ನು 2023ರಲ್ಲಿ ಮುಚ್ಚಲು ಹೊರಟರು. ಅಷ್ಟು ಬಂಡವಾಳ, ಅಷ್ಟು ಯಂತ್ರಗಳಿದ್ದೂ ಸಾಧಾರಣ ಸಾಕೆಟ್ ಸ್ಪ್ಯಾನರನ್ನು ಗಿಟ್ಟುವ ಬೆಲೆಗೆ ಮಾಡುವುದು ಕಷ್ಟವಾಯಿತು.

ನಮ್ಮ ಬೀದಿಯ ವ್ಯಾಪಾರದಲ್ಲಿ ಖಾತರಿಯ ಮಾತೇ ಏಳುವುದಿಲ್ಲ. ಪೊಟ್ಟಣದ ಮೇಲೆ ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಬೆಲೆ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಹೇಳುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ವಸ್ತುವಿನಿಂದಾದ ಹಾನಿಗೆ ತಯಾರಕನೂ ಮಾರಾಟಗಾರನೂ ಹೊಣೆ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ಗೋಣಿತಾಟಿನ ಮೇಲಿನ ಸ್ಪ್ಯಾನರಿಗೆ ಪೊಟ್ಟಣವೇ ಇಲ್ಲ, ಬಿಲ್ಲೂ ಇಲ್ಲ. 150 ರೂಪಾಯಿಯ ಸಲುವಾಗಿ ಯಾರು ಗ್ರಾಹಕ ಆಯೋಗದ ಮೆಟ್ಟಿಲು ಹತ್ತುತ್ತಾರೆ?

'ಚೈನಾ ಮಾಲು' ಎಂಬ ಬೈಗುಳ

ಬಾಳಿಕೆ ಬರದ್ದಕ್ಕೆಲ್ಲ 'ಚೈನಾ ಮಾಲು' ಎನ್ನುವುದು ನಮಗೆ ರೂಢಿ. ಅರ್ಧ ನಿಜ. ಚೀನಾದ ಜಿಯಾಂಗ್ಸು, ಝೆಜಿಯಾಂಗ್, ಶಾಂಡಾಂಗ್ ಪ್ರಾಂತ್ಯಗಳಲ್ಲಿ ಅತಿ ಕೆಟ್ಟ ಉಪಕರಣವೂ ತಯಾರಾಗುತ್ತದೆ, ಪಶ್ಚಿಮದ ಹೆಸರಾಂತ ಕಂಪನಿಗಳ ಮುದ್ರೆ ಹೊತ್ತ ಉತ್ತಮ ಉಪಕರಣವೂ ತಯಾರಾಗುತ್ತದೆ. ತೈವಾನಿನ ತೈಚುಂಗ್ ಸುತ್ತಮುತ್ತಲಂತೂ ಈ ಕಸುಬಿನಲ್ಲಿ ಹೆಸರು ಮಾಡಿದ ಜಾಗ. ಕಾರ್ಖಾನೆ ಮಾಡುವುದು ಕೊಳ್ಳುವವನು ಬರೆದುಕೊಟ್ಟದ್ದನ್ನು. ಗಡುಸು ಇಷ್ಟು, ಅಳತೆ ಇಷ್ಟು, ಇಷ್ಟರಲ್ಲಿ ಒಂದನ್ನು ಪರೀಕ್ಷಿಸಬೇಕು ಎಂದು ಬರೆದರೆ ಒಳ್ಳೆಯದು ಬರುತ್ತದೆ. ಡಜನ್ನಿಗೆ ಇಷ್ಟೇ ರೂಪಾಯಿ ಎಂದು ಬರೆದರೆ ಕೆಟ್ಟದ್ದು. ಬಂದರಿನಲ್ಲಿ ಇಳಿಯುವ ಕಳಪೆ ಮಾಲಿಗೆ ಆದೇಶ ಕೊಟ್ಟವನು ಎಷ್ಟೋ ಸಲ ನಮ್ಮವನೇ ಆಗಿರುತ್ತಾನೆ.

ನಮ್ಮಲ್ಲೂ ಈ ಉದ್ಯಮ ಸಣ್ಣದಲ್ಲ. ಪಂಜಾಬಿನ ಜಲಂಧರ್ ಮತ್ತು ಲೂಧಿಯಾನ, ರಾಜಸ್ಥಾನದ ನಾಗೌರ್ ಕೈ ಉಪಕರಣಗಳ ಊರುಗಳು. ಕನ್ನಡನಾಡಿನ ಬಹುಪಾಲು ಮೆಕ್ಯಾನಿಕ್‌ಗಳ ಪೆಟ್ಟಿಗೆಯಲ್ಲಿ ಕಾಣುವ ಟಪಾರಿಯಾ ಕಂಪನಿ 1969ರಲ್ಲಿ ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ತಯಾರಿಕೆ ಆರಂಭಿಸಿತು. ಆದರೂ ಜಗತ್ತಿನ ಲೆಕ್ಕದಲ್ಲಿ ನಮ್ಮ ಪಾಲು ಚಿಟಿಕೆಯಷ್ಟು. 2025ರ ಏಪ್ರಿಲ್‌ನಲ್ಲಿ ನೀತಿ ಆಯೋಗ ಹೊರತಂದ ವರದಿಯ ಪ್ರಕಾರ ಕೈ ಉಪಕರಣಗಳ ಜಾಗತಿಕ ವ್ಯಾಪಾರ ಸುಮಾರು 3,400 ಕೋಟಿ ಡಾಲರ್. ಅದರಲ್ಲಿ ಚೀನಾದ ರಫ್ತು 1,300 ಕೋಟಿ ಡಾಲರ್, ನಮ್ಮದು 60 ಕೋಟಿ, ಅಂದರೆ ಶೇ 1.8. ಚೀನಾಕ್ಕೆ ಹೋಲಿಸಿದರೆ ನಮ್ಮ ತಯಾರಿಕಾ ವೆಚ್ಚ ಶೇ 14ರಿಂದ 17ರಷ್ಟು ಹೆಚ್ಚು ಎಂದೂ ವರದಿ ಹೇಳುತ್ತದೆ. ಉಕ್ಕಿನ ದುಬಾರಿ ಬೆಲೆ, ಕಡಿಮೆ ಉತ್ಪಾದಕತೆ ಅದರ ಕಾರಣಗಳಲ್ಲಿ ಸೇರಿವೆ.

ಈ ಶೇ 14–17 ಎಂಬ ಅಂತರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಲಂಧರಿನ ಸಣ್ಣ ತಯಾರಕ ಚೀನಾದ ಬೆಲೆಗೆ ಸರಿಗಟ್ಟಬೇಕೆಂದರೆ ಅಷ್ಟನ್ನು ಎಲ್ಲಿಂದಾದರೂ ಕಡಿತ ಮಾಡಲೇಬೇಕು. ಉಕ್ಕಿನ ದರ ಅವನ ಕೈಯಲ್ಲಿಲ್ಲ, ಬಡ್ಡಿ ಅವನ ಕೈಯಲ್ಲಿಲ್ಲ, ವಿದ್ಯುತ್ ದರವೂ ಇಲ್ಲ. ಅವನ ಕೈಯಲ್ಲಿರುವುದು ಕುಲುಮೆಯ ಸಮಯ, ಪರೀಕ್ಷೆಗೆ ಇಟ್ಟ ಆಳು, ಮತ್ತು ತಿರಸ್ಕರಿಸಬೇಕಾದ ಮಾಲನ್ನು ನೋಡಿಯೂ ನೋಡದಂತಿರುವ ಸ್ವಾತಂತ್ರ್ಯ. ರಫ್ತಿಗೆ ಹೋಗುವ ಮಾಲಿನಲ್ಲಿ ಅವನು ಹೀಗೆ ಮಾಡಲಾರ, ಹೊರದೇಶದ ಕೊಳ್ಳುವವನು ಪರೀಕ್ಷಿಸಿ ಹಿಂದಕ್ಕೆ ಕಳಿಸುತ್ತಾನೆ. ಒಳನಾಡಿನ ಗಿರಾಕಿ ಹಿಂದಕ್ಕೆ ಕಳಿಸುವುದಿಲ್ಲ.

ಇಲ್ಲಿ ಕನ್ನಡಿಗರು ಒಂದು ಹಳೆಯ ಹೆಮ್ಮೆಯನ್ನು ಎಳೆದು ತರುವುದುಂಟು. ಜಗತ್ತು ಮೆಚ್ಚಿದ 'ವೂಟ್ಸ್' ಉಕ್ಕಿನ ಹೆಸರಿಗೆ ನಮ್ಮ 'ಉಕ್ಕು' ಪದವೇ ಮೂಲ ಎಂಬ ವಾದ ಪ್ರಸಿದ್ಧ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ, ಚನ್ನರಾಯನದುರ್ಗದ ಕಡೆಯ ಉಕ್ಕಿನ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇರಲಿ, ಸಂತೋಷ. ಆ ಹೆಮ್ಮೆಯಿಂದ ನನ್ನ ಸ್ಪ್ಯಾನರ್ ಗಡುಸಾಗುವುದಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿ ಮುಂದೆ ಮಿಶ್ರ ಉಕ್ಕಿಗೆ ಹೆಸರಾದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕೇಳಿಬಂದ ಕೂಗಿನಲ್ಲಿ, ಈ ನಾಡಿಗೆ ಒಳ್ಳೆಯ ಉಕ್ಕು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗಿಂತ ಭಾವನೆಯೇ ಹೆಚ್ಚಿತ್ತು.

ಹತ್ತು ರೂಪಾಯಿಯ ಹರಿತ

ಮಾನಕಗಳು ಇಲ್ಲವೆಂದಲ್ಲ. ಬಾಯಿತೆರೆದ ಸ್ಪ್ಯಾನರಿಗೆ ಐಎಸ್ 2028, ಪ್ಲೇಯರಿಗೆ ಐಎಸ್ 3650, ಉಕ್ಕಿನ ಸುತ್ತಿಗೆಗೆ ಐಎಸ್ 841 ಎಂದು ಭಾರತೀಯ ಮಾನಕ ಬ್ಯೂರೋ ದಶಕಗಳಿಂದ ಬರೆದಿಟ್ಟಿದೆ. ಸಂತೆಯ ಉಪಕರಣದ ಮೇಲೆ ಐಎಸ್‌ಐ ಗುರುತು ಕಾಣುವುದು ಅಪರೂಪ, ಅಷ್ಟೆ. ಎಲ್ಲದಕ್ಕೂ ಗುರುತು ಕಡ್ಡಾಯ ಮಾಡಿಬಿಡಿ ಎನ್ನುವುದು ಸುಲಭ. ಪರವಾನಗಿ, ಪರೀಕ್ಷಾ ಸಲಕರಣೆ, ತಪಾಸಣೆಯ ಖರ್ಚು ದೊಡ್ಡ ಕಾರ್ಖಾನೆಗೆ ಹೊರೆಯಲ್ಲ. ಹತ್ತು ಆಳಿನ ಶೆಡ್ಡಿಗೆ ಹೊರೆ. ಕಚ್ಚಾ ಉಕ್ಕಿನ ಮೇಲಿನ ಇಂತಹ ಗುಣಮಟ್ಟ ನಿಯಂತ್ರಣ ಆದೇಶಗಳನ್ನು ಮರುಪರಿಶೀಲಿಸಬೇಕು ಎಂದು ನೀತಿ ಆಯೋಗದ ಅದೇ ವರದಿ ಹೇಳಿದೆ. ನನ್ನ ಮಟ್ಟಿಗೆ ಕಡ್ಡಾಯ ಬೇಕಾದದ್ದು ಒಂದೇ ವರ್ಗಕ್ಕೆ, ವಿದ್ಯುತ್ ಕೆಲಸದ ಉಪಕರಣಗಳಿಗೆ. ಅದರ ಮಾತು ಮುಂದೆ.

ಕೊಳ್ಳುವವನಾಗಿ ಸರ್ಕಾರ ಮಾಡಬಹುದಾದದ್ದು ಇನ್ನೂ ಹೆಚ್ಚು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳವರಿಗೆ ಉಪಕರಣಕ್ಕಾಗಿ 15,000 ರೂಪಾಯಿಯವರೆಗೆ ನೆರವಿದೆ. ಆ 18ರಲ್ಲಿ ಒಂದು 'ಸುತ್ತಿಗೆ ಮತ್ತು ಉಪಕರಣ ತಯಾರಕ' ಎಂಬುದನ್ನು ಓದಿ ನಕ್ಕಿದ್ದೆ: ಸುತ್ತಿಗೆ ಮಾಡುವವನಿಗೆ ಕೊಳ್ಳಲು ಸುತ್ತಿಗೆಯ ಹಣ. ನಗು ಬದಿಗಿಟ್ಟರೆ ಮುಖ್ಯವಾದ ಮಾತೊಂದಿದೆ. ಯಾವುದೇ ಸಗಟು ಖರೀದಿಯ ಪಟ್ಟಿಯಲ್ಲಿ 'ಸುತ್ತಿಗೆ, ಒಂದು' ಎಂದಷ್ಟೇ ಬರೆದು ಕಡಿಮೆ ದರದವನಿಗೆ ಗುತ್ತಿಗೆ ಕೊಟ್ಟರೆ ಬರುವುದು ಸುತ್ತಿಗೆಯ ಆಕಾರ. 'ಐಎಸ್ 841ಕ್ಕೆ ಹೊಂದುವ ಸುತ್ತಿಗೆ' ಎಂದು ಬರೆದು, ರಾಶಿಯಿಂದ ನಾಲ್ಕನ್ನು ಪಾಲಿಟೆಕ್ನಿಕ್ಕಿನ ಪ್ರಯೋಗಾಲಯಕ್ಕೆ ಕಳಿಸಿದರೆ ಹದ ಹಾಕುವ ತಯಾರಕನಿಗೆ ಒಂದು ಪೇಟೆಯಾದರೂ ಉಳಿಯುತ್ತದೆ.

ಉಪಕರಣದ ಸವೆತಕ್ಕೆ ಬೆಲೆ ಕಟ್ಟಿದ ಒಂದು ಅಪರೂಪದ ಲೆಕ್ಕ ನಮ್ಮ ರಾಜ್ಯದಲ್ಲೇ ಇತ್ತು. 2021–22ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 289 ರೂಪಾಯಿ. ಅದರ ಮೇಲೆ ಹಾರೆ, ಗುದ್ದಲಿ ಹರಿತ ಮಾಡಿಸಲು ದಿನಕ್ಕೆ 10 ರೂಪಾಯಿ. ಗುದ್ದಲಿ ಕೂಲಿಯವನದೇ, ಸವೆಯುವುದು ಕೆಲಸದಲ್ಲಿ ಎಂದು ಯಾವನೋ ಒಬ್ಬ ಅಧಿಕಾರಿಗೆ ಹೊಳೆದಿರಬೇಕು. ಖಾಸಗಿ ಕಟ್ಟಡದ ಕೆಲಸದಲ್ಲಿ ಆ ಹತ್ತು ರೂಪಾಯಿ ಯಾರೂ ಕೊಡುವುದಿಲ್ಲ. ಅಲ್ಲಿ ಗಾರೆಯವನ ಕರಣೆ, ಬಡಗಿಯ ಉಳಿ ಎಲ್ಲ ಅವರವರ ಕೈಯಿಂದಲೇ. ಕೈಯಲ್ಲಿ ಒಟ್ಟಿಗೆ 600 ರೂಪಾಯಿ ಇಲ್ಲದವನು ವರ್ಷಕ್ಕೆ ಐದು ಸಲ 150ರದನ್ನು ಕೊಳ್ಳುತ್ತಾನೆ, ಮುರಿದ ದಿನದ ಅರ್ಧ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ.

ಯಾವುದು ಅಗ್ಗವಾದರೂ ಸರಿ, ಯಾವುದು ಕೂಡದು

ಮೊದಲು ಕೂಡದ್ದು. ಪ್ಲೇಯರಿನ ಹಿಡಿಗೆ ಹಾಕಿದ ಬಣ್ಣದ ಪ್ಲಾಸ್ಟಿಕ್ ಕರೆಂಟಿನಿಂದ ಕಾಪಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯ ಉಪಕರಣದಲ್ಲಿ ಅದು ಕೈ ಜಾರದಿರಲು ಹಾಕಿದ ಹೊದಿಕೆ ಅಷ್ಟೇ. ವಿದ್ಯುತ್ ಕೆಲಸಕ್ಕೆ ಐಇಸಿ 60900 ಎಂಬ ಪ್ರತ್ಯೇಕ ಮಾನಕವಿದೆ. ಅದರಂತೆ ಮಾಡಿದ ಉಪಕರಣದ ಮೇಲೆ ಜೋಡಿ ತ್ರಿಕೋನದ ಚಿಹ್ನೆ ಮತ್ತು 1000 ವೋಲ್ಟ್ ಎಂಬ ಗುರುತು ಇರುತ್ತದೆ. ಪ್ರತಿಯೊಂದನ್ನೂ ನೀರಿನಲ್ಲಿಟ್ಟು 10,000 ವೋಲ್ಟ್ ಹಾಯಿಸಿ ನೋಡಿರುತ್ತಾರೆ. ಇಲ್ಲಿ ಉಳಿಸಿದ 300 ರೂಪಾಯಿ ಜೀವದ ಮೇಲಿನ ಜೂಜು. ಅತಿ ಗಡುಸಾದ ಅಗ್ಗದ ಸುತ್ತಿಗೆಯಿಂದ ಉಳಿಯ ತಲೆಗೆ ಹೊಡೆದಾಗ ಚಕ್ಕೆ ಸಿಡಿದು ಕಣ್ಣಿಗೆ ಹೋಗುವುದೂ ಇದೇ ಸಾಲಿನದು. ಕಾರೆತ್ತುವ ಜಾಕ್ ಬಗ್ಗೆ ಹೇಳಲೇಬೇಕಿಲ್ಲ.

ತಿರುಚುವ ಮತ್ತು ಕತ್ತರಿಸುವ ಉಪಕರಣಗಳಿಗೆ, ಅಂದರೆ ಸ್ಪ್ಯಾನರ್, ಸ್ಕ್ರೂಡ್ರೈವರ್, ಉಳಿ, ಪ್ಲೇಯರ್‌ಗಳಿಗೆ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಅವು ಕೆಟ್ಟರೆ ತಾವಷ್ಟೇ ಕೆಡುವುದಿಲ್ಲ, ನಟ್ಟನ್ನೂ ಸ್ಕ್ರೂವನ್ನೂ ಕೆಡಿಸಿಯೇ ಹೋಗುತ್ತವೆ. ಸಲಿಕೆ, ಪಟ್ಟಿ ಹಚ್ಚುವ ಚಾಕು, ಗೋಡೆಗೆ ಮೊಳೆ ಹೊಡೆಯುವ ಮನೆಯ ಸುತ್ತಿಗೆ ಅಗ್ಗವಾದರೂ ನಡೆಯುತ್ತದೆ. ಮೊದಲು ಅಗ್ಗದ್ದು ಕೊಳ್ಳಿ, ಅದು ಮುರಿಯುವಷ್ಟು ಬಳಸಿದರೆ ಆಗ ಒಳ್ಳೆಯದು ಕೊಳ್ಳಿ ಎಂದು ಅಮೆರಿಕದ ಹವ್ಯಾಸಿಗಳು ಹೇಳುತ್ತಾರೆ. ವರ್ಷಕ್ಕೆರಡು ಸಲ ಪೆಟ್ಟಿಗೆ ತೆರೆಯುವ ನನ್ನಂಥವನಿಗೆ ಅದು ಸರಿ. ಅದರಿಂದಲೇ ಅನ್ನ ಹುಟ್ಟಬೇಕಾದವನಿಗೆ ಆ ಮಾತು ಹೇಳುವುದು ತಪ್ಪು.

ಎಲ್ಲ ತಪ್ಪನ್ನೂ ಉಪಕರಣದ ಮೇಲೆ ಹಾಕುವುದೂ ಸರಿಯಲ್ಲ. ಜಪಾನಿ ವಿನ್ಯಾಸದ ಬೈಕುಗಳ ಪ್ಲಸ್ ಸ್ಕ್ರೂ ನೋಡಲು ಫಿಲಿಪ್ಸ್‌ನಂತಿದ್ದರೂ ಅದರ ಕುಳಿಯ ಅಳತೆ ಬೇರೆ. ಎಷ್ಟೋ ಸಲ ತಲೆಯ ಮೇಲೆ ಗುರುತಿಗೆಂದು ಒಂದು ಸಣ್ಣ ಚುಕ್ಕಿ ಇರುತ್ತದೆ. ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜೋರು ಮಾಡಿದರೆ ಮೇಲಕ್ಕೆ ಜಾರಿ ಸ್ಕ್ರೂವಿನ ತಲೆ ಕೆಡಿಸುತ್ತದೆ. ನಾವು ಸ್ಕ್ರೂಡ್ರೈವರ್ ಕಳಪೆ ಎಂದು ಬೈಯುತ್ತೇವೆ.

ಗುರುತಿಸುವ ಬಗೆಗಳಲ್ಲಿ ನಾನು ನಂಬುವುದು ಅರವನ್ನು. ಒಂದು ಒಳ್ಳೆಯ ಹಳೆಯ ಅರದ ಅಂಚನ್ನು ಉಪಕರಣದ ಕಾಣದ ಮೂಲೆಗೆ ಉಜ್ಜಿ. ಬೆಣ್ಣೆಯಂತೆ ಪುಡಿ ಬಂದರೆ ಹದವಿಲ್ಲ. ಕಷ್ಟಪಟ್ಟು ಗೀರು ಮೂಡಿದರೆ ಸ್ಪ್ಯಾನರಿಗೆ ಅಷ್ಟು ಸಾಕು. ಕತ್ತರಿಸುವ ಅಂಚಿನ ಮೇಲೆ ಜಾರುತ್ತಲೇ ಹೋಗಬೇಕು. ಅಂಗಡಿಯವನು ಬಿಡುವುದಿಲ್ಲ ಎನ್ನುವಿರೇನೋ, ನಿಜ. ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ ಬಿಡುತ್ತಾರೆ. ಅಲ್ಲಿ ಸಿಗುವ, ಯಾವುದೋ ಮುಚ್ಚಿದ ಕಾರ್ಖಾನೆಯಿಂದ ಬಂದ, ತುಕ್ಕು ಹಿಡಿದ ರಿಂಗ್ ಸ್ಪ್ಯಾನರುಗಳು ಎಷ್ಟೋ ಹೊಸವಕ್ಕಿಂತ ವಾಸಿ. ಮೂವತ್ತು ವರ್ಷ ದುಡಿದು ಉಳಿದಿವೆ ಎಂದ ಮೇಲೆ ಅವುಗಳ ತಪಾಸಣೆ ಆಗಲೇ ಮುಗಿದಿದೆ.

ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋದವನು ಪೇಟೆಯಲ್ಲಿ 180 ರೂಪಾಯಿಗೆ ಕೊಂಡ ಕತ್ತಿಯನ್ನು ಕುಲುಮೆಗೆ ಒಯ್ದಿದ್ದೆ. ಎರಡೇ ದಿನಕ್ಕೆ ಬಾಯಿ ಮಡಚಿಕೊಂಡಿತ್ತು, ಹದ ಹಾಕಿಸಿಕೊಂಡು ಬರೋಣ ಎಂದು. ಆಚಾರಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮೂಲೆಯಲ್ಲಿದ್ದ ಅರ ತೆಗೆದು ಬೆನ್ನಿಗೆ ಎರಡು ಸಲ ಉಜ್ಜಿ, ಪುಡಿಯನ್ನು ಊದಿ, ಕತ್ತಿಯನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಇದಕ್ಕೆ ಹದ ಕೂರುವುದಿಲ್ಲ. ಬೆಂಕಿಗೆ ಹಾಕಿದರೆ ನನ್ನ ಇದ್ದಿಲು ದಂಡ" ಎಂದರು. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಲಾರಿಯ ಪಟ್ಟಿಯತ್ತ ಕೈ ತೋರಿಸಿ, "ಅದರಲ್ಲಿ ಒಂದು ಮಾಡಿಕೊಡುತ್ತೇನೆ. ಎಂಟುನೂರಾಗುತ್ತದೆ. ಮೂರು ವರ್ಷದೊಳಗೆ ಬಾಯಿ ಬಿಟ್ಟರೆ ತನ್ನಿ, ಸುಮ್ಮನೆ ತಟ್ಟಿಕೊಡುತ್ತೇನೆ" ಎಂದರು. ಸರದಿಯಲ್ಲಿ ಆಗಲೇ ಹನ್ನೊಂದು ಕತ್ತಿಗಳಿದ್ದವು. ನನ್ನದು ಮುಂದಿನ ಗುರುವಾರಕ್ಕೆ.